ಗಾಯ ಕಂಡರೆ ಮಾತ್ರ ಮರಕ್ಕೆ ಬೆಲೆಯಾ?

2020ರ ಡಿಸೆಂಬರ್ 29, ಮೆಲ್ಬರ್ನ್ ಕ್ರಿಕೆಟ್ ಮೈದಾನ. ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಗಿ ಮಾನ ಕಳೆದುಕೊಂಡಿದ್ದ ಭಾರತ ತಂಡ ಅವತ್ತು ಎಂಟು ವಿಕೆಟ್‌ಗಳಿಂದ ಗೆದ್ದಿತು. ಶತಕ ಹೊಡೆದಿದ್ದ ಅಜಿಂಕ್ಯ ರಹಾನೆಗೆ ಒಂದು ಪದಕ ಕೊಟ್ಟರು. ಹೆಸರು ಜಾನಿ ಮುಲ್ಲಾ ಪದಕ. ಅದನ್ನು ಕೊಟ್ಟಿದ್ದೇ ಆ ವರ್ಷ ಮೊದಲ ಸಲ. ಯಾರಪ್ಪಾ ಈ ಜಾನಿ ಮುಲ್ಲಾ ಅಂತ ಇಲ್ಲಿ ಟಿವಿ ಮುಂದೆ ಕೂತಿದ್ದ ನಾವು ಅವತ್ತೇ ಕೇಳಿಕೊಂಡಿದ್ದು. 1868ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಅಬೊರಿಜಿನಲ್, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ, ತಂಡದ ಮುಖ್ಯ ಆಟಗಾರ ಆತ. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊಟ್ಟಮೊದಲ ತಂಡ ಅದು. ಆತನ ಸ್ವಂತ ಹೆಸರು ಉನಾರಿಮಿನ್. ವಿಕ್ಟೋರಿಯಾ ರಾಜ್ಯದ ಪಶ್ಚಿಮ ಭಾಗದ ಜಾರ್ದ್ವಜಲಿ ಸಮುದಾಯದವನು.

ಆ ಪಂದ್ಯ ಶುರುವಾಗುವುದಕ್ಕೆ ಸರಿಯಾಗಿ ಎರಡು ತಿಂಗಳ ಮುಂಚೆ, ಅಕ್ಟೋಬರ್ 26ರಂದು, ಮುಲ್ಲಾನ ನಾಡಿನ ಪಕ್ಕದ ಜಾಬ್ ವುರುಂಗ್ ನಾಡಿನಲ್ಲಿ ಹೆದ್ದಾರಿ ಅಗಲ ಮಾಡಲು ಒಂದು ಹಳೇ ಮರ ಕಡಿದಿದ್ದರು. ಅದರ ಸುತ್ತ ದೊಡ್ಡ ಗಲಾಟೆಯಾಗಿತ್ತು. ಆ ಮರದ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ಮೈದಾನದ ಹೊರಗೇ ನಿಂತಿರುವ ಮರಗಳನ್ನು ನೋಡಬೇಕು.

ಮೆಲ್ಬರ್ನ್ ಮೈದಾನದ ಸುತ್ತ ಯಾರಾ ಪಾರ್ಕ್ ಇದೆ. ಪಂದ್ಯ ನೋಡಲು ಹೋಗುವ ಸಾವಿರಾರು ಜನ ಅದರೊಳಗೇ ನಡೆದುಹೋಗುತ್ತಾರೆ. ಆ ಪಾರ್ಕಿನಲ್ಲಿ ರಿವರ್ ರೆಡ್ ಗಮ್ ಜಾತಿಯ ಹಳೇ ಮರಗಳ ಬೊಡ್ಡೆಗಳಿವೆ. ಸತ್ತುಹೋಗಿವೆ, ಆದರೆ ಹಾಗೇ ನಿಂತಿವೆ. ಬೊಡ್ಡೆಯ ಮೇಲೆ ಉದ್ದಕ್ಕೆ, ಮೊಟ್ಟೆಯಾಕಾರದಲ್ಲಿ ಒಂದು ಬೋಳು ಜಾಗ. ಯಾರೋ ಅಳತೆ ಹಿಡಿದು ತೊಗಟೆ ತೆಗೆದ ಹಾಗೆ. ಹಾಗೇ ತೆಗೆದಿದ್ದು ಅದು. ವುರುಂಜೆರಿ ಜನ ಆ ನೆಲದಲ್ಲಿ ಬದುಕುತ್ತಿದ್ದ ಕಾಲದ ಗುರುತು. ಸ್ಟೇಡಿಯಂ ಆಮೇಲೆ ಬಂತು, ಊರೂ ಆಮೇಲೇ ಬಂತು. ಇಂಥ ಮರಗಳನ್ನು ಅಲ್ಲಿ ಸ್ಕಾರ್ ಟ್ರೀ ಅನ್ನುತ್ತಾರೆ. ನಾವು ಗಾಯದ ಮರ ಅನ್ನೋಣ.

ತೊಗಟೆ ತೆಗೆಯುವುದು ಸುಮ್ನೆ ಅಲ್ಲ. ಮೊದಲು ಮರ ಆರಿಸಬೇಕು. ದೋಣಿ ಬೇಕಿದ್ದರೆ ಸ್ವಲ್ಪ ಬಾಗಿದ ಬೊಡ್ಡೆಯೇ ಒಳ್ಳೆಯದು, ತೊಗಟೆಗೆ ದೋಣಿಯ ಬಾಗು ತಾನಾಗೇ ಬಂದಿರುತ್ತದೆ. ಕಾಲವೂ ಮುಖ್ಯ. ಅಲ್ಲಿಯ ವಸಂತ ಮತ್ತು ಬೇಸಿಗೆಯ ಶುರುವಿನಲ್ಲಿ ಮರದೊಳಗೆ ರಸ ಜಾಸ್ತಿ ಹರಿಯುವಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಬೇರೆ ಕಾಲದಲ್ಲಿ ಕೈಹಾಕಿದರೆ ಚೂರುಚೂರಾಗಿ ಒಡೆಯುತ್ತದೆ. ಉಜ್ಜಿ ಹರಿತ ಮಾಡಿದ ಕಲ್ಲಿನ ಕೊಡಲಿಯಿಂದ ಬೇಕಾದ ಆಕಾರದ ಅಂಚನ್ನು ಮಾತ್ರ ಕಡಿಯುತ್ತಿದ್ದರು. ಆಮೇಲೆ ಮರದ ಬೆಣೆಗಳನ್ನು ಒಂದೊಂದಾಗಿ ಒಳಗೆ ತೂರಿಸಿ, ಮೀಟಿ, ಇಡೀ ಹಾಳೆಯನ್ನು ಒಂದೇ ತುಂಡಾಗಿ ಬಿಡಿಸಿಕೊಳ್ಳುತ್ತಿದ್ದರು. ಎತ್ತರದಲ್ಲಿ ಕೆಲಸ ಇದ್ದರೆ ಕಾಲಿನ ಹೆಬ್ಬೆರಳು ಊರಲು ಬೊಡ್ಡೆಯಲ್ಲಿ ಸಣ್ಣ ಗುಳಿ ಕೊರೆದುಕೊಳ್ಳುತ್ತಿದ್ದರು. ಕೆಲವು ಮರಗಳಲ್ಲಿ ಆ ಗುಳಿಗಳು ಇವತ್ತೂ ಕಾಣುತ್ತವೆ.

ಕಲ್ಲಿನಿಂದ ತೊಗಟೆ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ಆಟಿ ಅಮಾವಾಸ್ಯೆ ನೆನಪಾಗುತ್ತದೆ. ಅವತ್ತು ಬೆಳಕು ಹರಿಯುವ ಮುಂಚೆ ಹಾಲೆ ಮರದ ಹತ್ತಿರ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ತುಳುವಿನಲ್ಲಿ ಅದು ಪಾಲೆದ ಕೆತ್ತೆ. ಅದರ ಕಷಾಯದ ಕಹಿ ಕುಡಿದವರಿಗೇ ಗೊತ್ತು! ಎರಡು ಪದ್ಧತಿಗೂ ಏನೂ ಸಂಬಂಧವಿಲ್ಲ. ಆದರೂ ಯಾವ ಮರ, ಯಾವ ದಿನ, ಎಷ್ಟು ತೊಗಟೆ, ಯಾವುದರಿಂದ ತೆಗೆಯಬೇಕು ಅನ್ನುವ ಲೆಕ್ಕ ಮರದ ಜೊತೆ ಬದುಕಿದವರಿಗೆ ಎಲ್ಲ ಕಡೆ ಇರುತ್ತದೆ, ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಬೇಕು. ತೊಗಟೆ ತೆಗೆದರೂ ಮರ ಸಾಯುತ್ತಿರಲಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಬೊಡ್ಡೆಯ ಒಂದು ಬದಿಯಲ್ಲಿ ಕಿಟಕಿಯಷ್ಟು ಜಾಗ ತೆಗೆದರೆ ಉಳಿದ ಬದಿಯಲ್ಲಿ ಆ ದಾರಿ ತೆರೆದೇ ಇರುತ್ತದೆ. ಸುತ್ತಲೂ ಬಳೆಯ ಹಾಗೆ ಕೆತ್ತಿದರೆ ಮಾತ್ರ ದಾರಿ ಪೂರ್ತಿ ಮುಚ್ಚಿ ಮರ ನಿಂತಲ್ಲೇ ಒಣಗುತ್ತದೆ. ಬಳೆ ಕೆತ್ತುವ ಕೆಲಸವೂ ಆಸ್ಟ್ರೇಲಿಯಾದಲ್ಲಿ ಬೇಕಾದಷ್ಟು ನಡೆಯಿತು. ಅದನ್ನು ಮಾಡಿದ್ದು ಬಿಳಿಯ ವಲಸಿಗರು. ಕುರಿ ಮೇಯಿಸಲು ಹುಲ್ಲುಗಾವಲು ಬೇಕಿತ್ತು, ಒಂದೊಂದೇ ಮರ ಕಡಿಯಲು ಪುರಸೊತ್ತಿರಲಿಲ್ಲ. ಕಾಡಿಗೆ ಕಾಡನ್ನೇ ಬಳೆ ಕೆತ್ತಿ ಒಣಗಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಒಂದೇ ಜಾತಿಯ ಮರದ ಮೇಲೆ ಎರಡು ಬಗೆಯ ಕೊಡಲಿ ಏಟು ಬೀಳುತ್ತಿತ್ತು. ಒಂದು ಕಿಟಕಿ ಕೊರೆಯುತ್ತಿತ್ತು, ಇನ್ನೊಂದು ಬಳೆ ಕೆತ್ತುತ್ತಿತ್ತು. ಕಿಟಕಿಯ ಮರಗಳಲ್ಲಿ ಕೆಲವು ಇನ್ನೂ ಬದುಕಿವೆ.

ಈ ಮರಗಳು ನಮಗೆ ಹೊಸವೇನಲ್ಲ. ರಿವರ್ ರೆಡ್ ಗಮ್ ಯೂಕಲಿಪ್ಟಸ್ ಕುಲದ್ದು. ನಾವು ನೀಲಗಿರಿ ಅನ್ನುತ್ತೇವಲ್ಲ, ಅದರದೇ ಬಳಗ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ನೀಲಗಿರಿ ತೋಪು ಅಂದರೆ ಸಾಲಾಗಿ ನಿಂತ ಸಣಕಲು ಕಂಬಗಳು. ನಾಲ್ಕೈದು ವರ್ಷಕ್ಕೆ ಕಡಿದು ಲಾರಿಗೆ ತುಂಬುತ್ತಾರೆ. ಬುಡದಿಂದ ಮತ್ತೆ ಚಿಗುರುತ್ತದೆ, ಮತ್ತೆ ಕಡಿಯುತ್ತಾರೆ. ಅಂತರ್ಜಲ ಹೀರುತ್ತದೆ ಎಂಬ ದೂರು ಜೋರಾಗಿ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನೀಲಗಿರಿ ಮರ ಮುದಿಯಾಗುವುದನ್ನು ನಾವು ನೋಡಿಯೇ ಇಲ್ಲ ಅನ್ನಬಹುದು. ತನ್ನ ಊರಿನಲ್ಲಿ, ನದಿ ದಂಡೆಯಲ್ಲಿ ಬಿಟ್ಟರೆ ರೆಡ್ ಗಮ್ ಐನೂರು ವರ್ಷಕ್ಕೂ ಜಾಸ್ತಿ ಬಾಳುತ್ತದೆ. ಬುಡ ಒಂದು ಕೋಣೆಯಷ್ಟು ದಪ್ಪವಾಗುತ್ತದೆ, ಒಳಗೆ ಪೊಟರೆಯಾಗುತ್ತದೆ. ಅಂಥ ಪೊಟರೆಗಳೊಳಗೆ ಹೆರಿಗೆಗಳೇ ಆಗುತ್ತಿದ್ದವು.

ಗಾಯದ ಅಳತೆ ನೋಡಿದರೆ ಏನು ಮಾಡಿದರು ಅಂತ ಬಹಳ ಮಟ್ಟಿಗೆ ಹೇಳಬಹುದು. ಮೊಣಕೈ ಉದ್ದದ್ದಾದರೆ ಕೂಲಮನ್ ಇರಬೇಕು. ಕಾಳು, ನೀರು ತುಂಬಿಡುವ, ಎಳೇ ಮಗುವನ್ನೂ ಮಲಗಿಸಿಕೊಳ್ಳುವ ತಟ್ಟೆ ಅದು. ಕಿರಿದಾಗಿ ಉದ್ದ ಇದ್ದರೆ ಗುರಾಣಿ. ಆಳೆತ್ತರಕ್ಕೂ ಮೀರಿದ್ದು ದೋಣಿಯದು. ದೋಣಿಯ ತೊಗಟೆಯನ್ನು ಬೆಂಕಿಯ ಶಾಖಕ್ಕೆ ಹಿಡಿದು ಮೆತ್ತಗೆ ಮಾಡಿ ಬಾಗಿಸುತ್ತಿದ್ದರು. ಒಳಗೆ ಅಡ್ಡಕಡ್ಡಿ ಕೊಟ್ಟು ಅಗಲ ನಿಲ್ಲಿಸುತ್ತಿದ್ದರು, ಬಿರುಕಿಗೆ ಜೇಡಿಮಣ್ಣು ಮೆತ್ತುತ್ತಿದ್ದರು. ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ದೋಣಿಯೊಳಗೇ ಜೇಡಿಮಣ್ಣು ಹರಡಿ ಒಂದು ಪುಟ್ಟ ಒಲೆ. ಮೀನು ಹಿಡಿದ ಜಾಗದಲ್ಲೇ ಸುಟ್ಟು ತಿನ್ನಬಹುದು, ಚಳಿಯನ್ನೂ ಕಾಯಿಸಿಕೊಳ್ಳಬಹುದು. ಬೆಂಕಿ ಹೊತ್ತುಕೊಂಡ ತೊಗಟೆ ನೀರಿನ ಮೇಲೆ! ಇಂಥ ದೋಣಿ ಕೆಲವು ವರ್ಷ ಬಾಳಿಕೆ ಬರುತ್ತಿತ್ತು, ಅಷ್ಟೇ. ಆಮೇಲೆ ಕೊಳೆತು ಮಣ್ಣಾಗುತ್ತಿತ್ತು. ಉಳಿದಿದ್ದು ಅದರ ಅಚ್ಚು, ಮರದ ಮೈಮೇಲೆ.

ಆ ಅಚ್ಚು ಕೂಡ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಅಂಚಿನಿಂದ ಹೊಸ ತೊಗಟೆ ತುಟಿಯ ಹಾಗೆ ಉಬ್ಬಿ, ವರ್ಷ ಹೋದಂತೆ ಒಳಗೆ ಸರಿಯುತ್ತದೆ. ಕೆಲವು ಮರಗಳಲ್ಲಿ ಈಗ ಒಂದು ಸಣ್ಣ ಸೀಳು ಮಾತ್ರ ಉಳಿದಿದೆ. ಹಾಗಾಗಿ ಯಾವುದು ಮನುಷ್ಯ ಮಾಡಿದ್ದು, ಯಾವುದು ತಾನಾಗಿ ಆದದ್ದು ಎಂದು ಹೇಳುವುದೇ ಒಂದು ವಿದ್ಯೆ. ಬೆಂಕಿಯ ಗಾಯ ಸಾಮಾನ್ಯವಾಗಿ ನೆಲಕ್ಕೆ ತಾಗಿರುತ್ತದೆ, ಕೆಳಗೆ ಅಗಲ, ಮೇಲೆ ಚೂಪು. ಕೊಂಬೆ ಹರಿದು ಬಿದ್ದರೆ ಗಾಯದ ತಲೆಯಲ್ಲಿ ಕೊಂಬೆಯ ಗಂಟು ಇರುತ್ತದೆ. ಗಲಾ ಅನ್ನುವ ಗುಲಾಬಿ ಬಣ್ಣದ ಕಾಕಟೂ ಹಕ್ಕಿ ತನ್ನ ಗೂಡಿನ ಪೊಟರೆಯ ಸುತ್ತ ತೊಗಟೆ ಕಡಿದು ಹಾಕುತ್ತದೆ. ವಲಸಿಗರು ಕೂಡ ಗುಡಿಸಲಿನ ಮಾಡಿಗೆ ತೊಗಟೆ ಸುಲಿಯುತ್ತಿದ್ದರು. ಇದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಮಾತ್ರ ಪಟ್ಟಿಗೆ ಸೇರುತ್ತದೆ.

ವಯಸ್ಸು ಹೇಳುವುದು ಇನ್ನೂ ಕಷ್ಟ. ತೇಗದ ಮರವಾದರೆ ಉಂಗುರ ಎಣಿಸಬಹುದು. ಯೂಕಲಿಪ್ಟಸ್ ಬಹಳಷ್ಟು ಸಲ ವರ್ಷಕ್ಕೊಂದು ಉಂಗುರ ಎಂಬ ಶಿಸ್ತು ಪಾಲಿಸುವುದಿಲ್ಲ. ಮಳೆ ಬಂದಾಗ ಬೆಳೆಯುತ್ತದೆ, ಬರ ಬಂದಾಗ ಸುಮ್ಮನಿರುತ್ತದೆ. ಇಂಗಾಲದ ಪರೀಕ್ಷೆಗೂ ಹೋದ ಮುನ್ನೂರು ವರ್ಷಗಳ ಲೆಕ್ಕ ಗೋಜಲು. ಅಣುಬಾಂಬ್ ಪರೀಕ್ಷೆಗಳು ಗಾಳಿಯನ್ನೇ ಬದಲಾಯಿಸಿದ ಮೇಲೆ, ಅಂದರೆ 1950ರ ನಂತರ, ಲೆಕ್ಕ ಮತ್ತೆ ಸುಲಭವಾಗುತ್ತದೆ. ಇದು ಬರೀ ತಾಂತ್ರಿಕ ವಿವರ ಅಂದುಕೊಳ್ಳಬೇಡಿ. ಇದರಿಂದ ಒಂದು ದೊಡ್ಡ ಸಂಗತಿ ಹೊರಬಿತ್ತು.

ನ್ಯೂ ಸೌತ್ ವೇಲ್ಸ್‌ನ ವಿರಾಜುರಿ ನಾಡಿನಲ್ಲಿ ಒಂದು ಸತ್ತ ಮರ ಸಿಕ್ಕಿತು. ಅದರ ಗಾಯದೊಳಗೆ ಒಂದು ಕಲ್ಲಿನ ಹತಾರವೇ ಸಿಕ್ಕಿಕೊಂಡಿತ್ತು. ನೋಡಿದವರಿಗೆ ಬಹಳ ಹಳೆಯದು ಅನ್ನಿಸುವುದು ಸಹಜ. ಪುರಾತತ್ವದವರು ಸ್ಥಳೀಯ ಅಬೊರಿಜಿನಲ್ ಭೂ ಮಂಡಳಿಯ ಜೊತೆ ಸೇರಿ ಪರೀಕ್ಷೆ ಮಾಡಿದರು. ಮರ ಹುಟ್ಟಿದ್ದೇ ಇಪ್ಪತ್ತನೇ ಶತಮಾನದ ಆಸುಪಾಸು. ಗಾಯ ಆದದ್ದು 1950 ಮತ್ತು 1973ರ ನಡುವೆ. ಅಂದರೆ ಸರ್ಕಾರ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು, ಇವರ ಸಂಪ್ರದಾಯ ಮುಗಿಯಿತು, ಇನ್ನು ಇವರು ಬಿಳಿಯರ ಹಾಗೆ ಬದುಕಲಿ ಅನ್ನುತ್ತಿದ್ದ ಕಾಲ. ಆಗ ಯಾರೋ ಒಬ್ಬರು ಮರದ ಹತ್ತಿರ ಹೋಗಿ, ಕಲ್ಲು ಹಿಡಿದು, ಹಿರಿಯರು ಮಾಡಿದ ಕೆಲಸವನ್ನೇ ಮಾಡಿದ್ದರು.

ಇದನ್ನು ಇನ್ನೊಂದು ತೀರ್ಪಿನ ಪಕ್ಕ ಇಟ್ಟು ನೋಡಿ. ಮರ್ರೆ ನದಿಯ ದಂಡೆಯ ಯೋರ್ಟಾ ಯೋರ್ಟಾ ಜನ ತಮ್ಮ ನೆಲದ ಹಕ್ಕಿಗಾಗಿ 1994ರಲ್ಲಿ ಅರ್ಜಿ ಹಾಕಿದರು. ಅವರ ಬಾರ್ಮಾ ಕಾಡು ಇರುವುದು ಜಗತ್ತಿನಲ್ಲೇ ಅತಿ ದೊಡ್ಡದಾದ ರೆಡ್ ಗಮ್ ಅರಣ್ಯ ಪ್ರದೇಶದಲ್ಲಿ. ದೋಣಿ ತೆಗೆದ ಗಾಯದ ಮರಗಳು ಅಲ್ಲಿ ಬೇಕಾದಷ್ಟಿವೆ. 1998ರಲ್ಲಿ ನ್ಯಾಯಾಧೀಶ ಓಲ್ನಿ ಅರ್ಜಿ ವಜಾ ಮಾಡಿದರು. ಇವರ ಸಂಪ್ರದಾಯವನ್ನು ಇತಿಹಾಸದ ಅಲೆ ಕೊಚ್ಚಿಕೊಂಡು ಹೋಗಿದೆ ಎಂಬರ್ಥದ ಮಾತು ತೀರ್ಪಿನಲ್ಲಿತ್ತು. 1840ರ ದಶಕದಲ್ಲಿ ಅಲ್ಲಿ ಕುರಿ ಸಾಕಿಕೊಂಡಿದ್ದ ಎಡ್ವರ್ಡ್ ಕರ್ ಎಂಬ ಬಿಳಿಯ ಬರೆದಿಟ್ಟ ನೆನಪುಗಳಿಗೆ ಅಜ್ಜ ಅಜ್ಜಿಯರ ಬಾಯಿಮಾತಿಗಿಂತ ಹೆಚ್ಚು ತೂಕ ಸಿಕ್ಕಿತು. 2002ರಲ್ಲಿ ಹೈಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಲ್ಲಿ ಹೈಕೋರ್ಟೇ ದೇಶದ ಅತ್ಯುನ್ನತ ನ್ಯಾಯಾಲಯ, ಅದರ ಮೇಲೆ ಇನ್ನೊಂದಿಲ್ಲ. ವಿರಾಜುರಿ ಮರ ಬೇರೆ ಜನರದ್ದು, ಬೇರೆ ನಾಡಿನದ್ದು, ಈ ಕೇಸಿಗೆ ಸಾಕ್ಷಿ ಆಗುತ್ತಿರಲಿಲ್ಲ, ನಿಜ. ಆದರೆ ನಿಂತುಹೋಯಿತು ಎಂದು ಅಷ್ಟು ಸಲೀಸಾಗಿ ಹೇಳುವವರ ಮುಂದೆ ಆ ಮರವನ್ನು ಇಡಬೇಕು ಅನ್ನಿಸುತ್ತದೆ.

ಈಗ ಆ ಹೆದ್ದಾರಿಯ ಮರ. ಮೆಲ್ಬರ್ನ್‌ನಿಂದ ಅಡಿಲೇಡ್ ಕಡೆ ಹೋಗುವ ವೆಸ್ಟರ್ನ್ ಹೈವೇಯನ್ನು ಬುವಾಂಗೋರ್ ಮತ್ತು ಅರರಾಟ್ ನಡುವೆ ಜೋಡಿ ರಸ್ತೆ ಮಾಡುವ ಯೋಜನೆ. ಅಪಘಾತ ಜಾಸ್ತಿ, ಜನ ಸಾಯುತ್ತಿದ್ದಾರೆ ಅನ್ನುವುದು ಸರ್ಕಾರದ ವಾದ, ಅದೂ ಸುಳ್ಳಲ್ಲ. ದಾರಿಯಲ್ಲಿ ಜಾಬ್ ವುರುಂಗ್ ಜನರ ಹಳೇ ಮರಗಳಿದ್ದವು. ತಲೆಮಾರುಗಳ ಹೆರಿಗೆ ಕಂಡ, ಎಂಟುನೂರು ವರ್ಷದ್ದು ಎನ್ನುವ ಪೊಟರೆ ಮರವೂ ಅದರಲ್ಲಿತ್ತು. 2018ರಲ್ಲಿ ಹೋರಾಟಗಾರರು ಮರಗಳ ಬುಡದಲ್ಲಿ ಡೇರೆ ಹಾಕಿ ಕೂತರು. ಎರಡು ವರ್ಷಕ್ಕೂ ಜಾಸ್ತಿ ಕೂತರು. ಕೇಂದ್ರ ಸರ್ಕಾರಕ್ಕೆ ರಕ್ಷಣೆಯ ಅರ್ಜಿ ಹೋಯಿತು, ತಿರಸ್ಕಾರವಾಯಿತು. ಆ ತಿರಸ್ಕಾರ ಕೋರ್ಟಿನಲ್ಲಿ ನಿಲ್ಲಲಿಲ್ಲ. ಅರ್ಜಿ ಮತ್ತೆ ತಿರಸ್ಕಾರವಾಯಿತು.

ಕಾನೂನು ಮಾತಾಡಿದ್ದು ನೋಂದಾಯಿತ ಸಂಸ್ಥೆಯ ಜೊತೆ. ವಿಕ್ಟೋರಿಯಾದ 2006ರ ಅಬೊರಿಜಿನಲ್ ಪರಂಪರೆ ಕಾಯ್ದೆಯಲ್ಲಿ ಒಂದೊಂದು ಪ್ರದೇಶಕ್ಕೆ ಒಂದೊಂದು ಸಂಸ್ಥೆಯನ್ನು ಅಧಿಕೃತ ಪ್ರತಿನಿಧಿ ಮಾಡುತ್ತಾರೆ. ಇಲ್ಲಿ ಅದು ಈಸ್ಟರ್ನ್ ಮಾರ್ ಸಂಸ್ಥೆ. ಅದೂ ಮೂಲನಿವಾಸಿಗಳದ್ದೇ. ಅವರು ಮಾತುಕತೆ ಮಾಡಿ ರಸ್ತೆಯ ನಕ್ಷೆ ಬದಲಾಯಿಸಿ, ಗುರುತಿಸಿದ 22 ಮರಗಳಲ್ಲಿ 16 ಉಳಿಸಿಕೊಂಡರು. ಸಣ್ಣ ಸಾಧನೆಯಲ್ಲ. ಡೇರೆಯಲ್ಲಿ ಕೂತವರು ಇದನ್ನು ಒಪ್ಪಲಿಲ್ಲ.

ಅಕ್ಟೋಬರ್ 26ರಂದು ಕಡಿದ ಮರವನ್ನು ಹೋರಾಟಗಾರರು ದಿಕ್ಕು ತೋರುವ ಮರ ಅನ್ನುತ್ತಿದ್ದರು. ಸುಮಾರು 350 ವರ್ಷದ್ದು ಅನ್ನುವುದು ಅವರ ಮಾತು. ಜಾಬ್ ವುರುಂಗ್ ಪದ್ಧತಿಯಲ್ಲಿ ಮಗು ಹುಟ್ಟಿದಾಗ ಮಾಸನ್ನು ಬೀಜದ ಜೊತೆ ಹೂಳುತ್ತಾರೆ. ಬೆಳೆದ ಮರ ಆ ಮಗುವಿಗೆ ಜೀವನಪೂರ್ತಿ ದಿಕ್ಕು ತೋರಿಸುತ್ತದೆ. ಹಾಗಾಗಿ ಅದರ ಮೈಮೇಲೆ ಗಾಯ ಇರಲೇಬೇಕು ಅಂತೇನಿಲ್ಲ. ಪರೀಕ್ಷಿಸಿದವರಿಗೆ ಮನುಷ್ಯರ ಕೈ ಆಡಿದ ಲಕ್ಷಣ ಆ ಮರದಲ್ಲಿ ಕಾಣಲಿಲ್ಲ ಎಂದು ಈಸ್ಟರ್ನ್ ಮಾರ್ ಹೇಳಿತು. ಉಳಿಸಬೇಕಾದ ಮರಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಗರಗಸ ಬಿತ್ತು. ಹತ್ತಾರು ಜನರನ್ನು ಪೊಲೀಸರು ಹಿಡಿದರು. ಅದೇ ದಿನ ಮೆಲ್ಬರ್ನ್‌ನ ಉದ್ದನೆಯ ಲಾಕ್‌ಡೌನ್ ಸಡಿಲಿಸುವ ಘೋಷಣೆಯೂ ಬಂತು. ಊರೆಲ್ಲ ಆ ಖುಷಿಯಲ್ಲಿರುವಾಗ ಮರ ಉರುಳಿತು. ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟ್ ಅಲ್ಲಿಯ ಕೆಲಸಕ್ಕೆ ತಡೆ ಕೊಟ್ಟಿತು. ಆ ಮರಕ್ಕೆ ಮಾತ್ರ ತಡವಾಗಿತ್ತು.

ಯಾರು ಸರಿ ಎಂದು ಬೆಂಗಳೂರಿನಲ್ಲಿ ಕೂತು ತೀರ್ಪು ಕೊಡುವುದು ಸುಲಭ, ಅದಕ್ಕೇ ನಾನು ಕೊಡುವುದಿಲ್ಲ. ಒಂದೇ ಸಮುದಾಯದೊಳಗೇ ಎರಡು ಅಭಿಪ್ರಾಯ ಇರಬಹುದು. ನಮ್ಮ ಊರಿನ ದೇವರ ಕಾಡಿನ ಗಡಿ ಎಲ್ಲಿ ಅಂತ ಕೇಳಿದರೆ ನಮ್ಮಲ್ಲಿ ಮೂರು ಉತ್ತರ ಬರುತ್ತದೆ. ನನ್ನ ತಕರಾರು ಕಾನೂನಿನ ಕಣ್ಣಿನ ಬಗ್ಗೆ. ಗಾಯ ಇದ್ದರೆ ಅಳೆಯಬಹುದು, ಫೋಟೋ ತೆಗೆಯಬಹುದು, ಕೊಡಲಿ ಏಟು ಎಣಿಸಬಹುದು, ಫಾರ್ಮ್ ತುಂಬಬಹುದು. ಮಾಸು ಹೂತ ಮರಕ್ಕೆ ಆ ಮನೆತನದ ನೆನಪು ಬಿಟ್ಟರೆ ಬೇರೆ ದಾಖಲೆ ಎಲ್ಲಿಂದ ತರುವುದು? ಕಲ್ಲು, ಮರ, ಮೂಳೆಯ ಮೇಲೆ ಗುರುತು ಇದ್ದರೆ ಪರಂಪರೆ, ಇಲ್ಲದಿದ್ದರೆ ಬರೀ ನಂಬಿಕೆ ಎನ್ನುವ ಲೆಕ್ಕ ಇದು. ಗುರುತಿದ್ದರೂ ಉಳಿಯುತ್ತದೆ ಎನ್ನುವ ಭರವಸೆ ಇಲ್ಲ ಅನ್ನುವುದು ಬೇರೆ ಮಾತು. ಅದೇ ವರ್ಷದ ಮೇ ತಿಂಗಳಲ್ಲಿ ರಿಯೋ ಟಿಂಟೊ ಗಣಿ ಕಂಪನಿ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ 46,000 ವರ್ಷಗಳಷ್ಟು ಹಿಂದಿನ ವಾಸದ ಗುರುತಿದ್ದ ಗುಹೆಗಳನ್ನು ಸಿಡಿಸಿತು. ಅದಕ್ಕೆ ಆಗಿನ ಕಾನೂನಿನ ಅನುಮತಿಯೂ ಇತ್ತು.

ಗಾಯ ಇರುವ ಮರಗಳ ಪಾಡೂ ಚೆನ್ನಾಗಿಲ್ಲ. ವಿಕ್ಟೋರಿಯಾದ ಉತ್ತರದಲ್ಲಿ, ಜಾ ಜಾ ವುರುಂಗ್ ನಾಡಿನಲ್ಲಿ ಬೂರ್ಟ್ ಎಂಬ ಊರಿದೆ. ಅಲ್ಲಿಯ ಕೆರೆಯ ಅಂಗಳದಲ್ಲಿ ಗಾಯದ ಮರಗಳು ನೂರಾರು. ಬಹಳಷ್ಟು ಒಣಗಿ ಬೂದು ಬಣ್ಣಕ್ಕೆ ತಿರುಗಿವೆ. ರೆಡ್ ಗಮ್‌ಗೆ ಆಗಾಗ ಪ್ರವಾಹ ಬೇಕು. ನದಿಗಳಿಗೆ ಅಣೆಕಟ್ಟು, ಕಾಲುವೆ ಬಂದ ಮೇಲೆ ನೀರು ಗೋಧಿ, ಭತ್ತ, ಹತ್ತಿಯ ಹೊಲಗಳಿಗೆ ತಿರುಗಿತು. ಹೊಲದ ನಡುವೆ ಒಂಟಿಯಾಗಿ ನಿಂತ ಮರದ ಕೆಳಗೆ ಸಸಿ ಹುಟ್ಟಿದರೆ ಕುರಿ ತಿನ್ನುತ್ತದೆ. ಆ ಮರ ಬಿದ್ದರೆ ಅದರ ಜಾಗಕ್ಕೆ ಇನ್ನೊಂದಿಲ್ಲ. ಸತ್ತ ಮರಕ್ಕೆ ಕಾಡ್ಗಿಚ್ಚು, ಗೆದ್ದಲು, ಸೌದೆ ಹುಡುಕುವವರ ಕಾಟ. ಕಾಯ್ದೆ ಹೊಸ ಕೊಡಲಿಯನ್ನು ತಡೆಯಬಹುದು, ಬರವನ್ನು ತಡೆಯಲಾರದು.

ಇದೇ ಬೂರ್ಟ್ ಸೀಮೆಯಲ್ಲಿ 1850ರ ದಶಕದಲ್ಲಿ ಗೀರು ಚಿತ್ರಗಳಿದ್ದ ತೊಗಟೆಗಳು ಒಬ್ಬ ವಲಸಿಗನ ಕೈಗೆ ಸಿಕ್ಕವು. ಕೊನೆಗೆ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ ಮತ್ತು ಕ್ಯೂ ಸಸ್ಯೋದ್ಯಾನದ ಸಂಗ್ರಹ ಸೇರಿದವು. 2004ರಲ್ಲಿ ಮೆಲ್ಬರ್ನ್‌ನ ಪ್ರದರ್ಶನಕ್ಕೆ ಕಡವಾಗಿ ಬಂದಾಗ ಜಾ ಜಾ ವುರುಂಗ್ ಹಿರಿಯರು ತಡೆಯಾಜ್ಞೆ ತಂದರು. ಕೇಸು ನಿಲ್ಲಲಿಲ್ಲ, ತೊಗಟೆಗಳು ಲಂಡನ್‌ಗೆ ವಾಪಸ್ ಹೋದವು. ಕಡ ತಂದ ವಸ್ತುಗಳನ್ನು ಹೀಗೆ ತಡೆಹಿಡಿಯದಂತೆ 2013ರಲ್ಲಿ ಕಾನೂನನ್ನೇ ಮಾಡಿದರು. ಮರಗಳು ಬೂರ್ಟ್‌ನಲ್ಲಿ, ತೊಗಟೆಗಳು ಲಂಡನ್‌ನಲ್ಲಿ.

ಎಲ್ಲ ಕಥೆಯೂ ಇಷ್ಟು ಬೇಸರದ್ದಲ್ಲ. ವಿಕ್ಟೋರಿಯಾದ ಪೂರ್ವಕ್ಕೆ ಗಿಪ್ಸ್‌ಲ್ಯಾಂಡ್, ಗುನೈಕುರ್ನೈ ಜನರ ನಾಡು. ಅವರ ಹುಟ್ಟಿನ ಕಥೆಯಲ್ಲಿ ಬೋರುನ್ ಎಂಬ ಹೆಜ್ಜಾರ್ಲೆ ತಲೆ ಮೇಲೆ ದೋಣಿ ಹೊತ್ತುಕೊಂಡು ಬೆಟ್ಟದಿಂದ ಇಳಿದು ಬರುತ್ತಾನೆ. ದಾರಿಯುದ್ದಕ್ಕೂ ಟಕ್ ಟಕ್ ಸದ್ದು, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ನೀರಿನ ಹತ್ತಿರ ಬಂದು ದೋಣಿ ಇಳಿಸಿ ನೋಡಿದರೆ ಒಳಗೆ ಟುಕ್ ಎಂಬ ಬಾತುಕೋಳಿ ಹೆಣ್ಣು ಕೂತಿದ್ದಾಳೆ. ಇಬ್ಬರೂ ಮದುವೆಯಾಗುತ್ತಾರೆ, ಗುನೈಕುರ್ನೈ ಕುಲಗಳು ಹುಟ್ಟುತ್ತವೆ.

2010ರಲ್ಲಿ ವಿಕ್ಟೋರಿಯಾ ಸರ್ಕಾರ ಮೂಲ ಒಡೆಯರ ಜೊತೆ ಒಪ್ಪಂದ ಮಾಡಿಕೊಳ್ಳುವ ಕಾಯ್ದೆ ತಂದಾಗ ಮೊದಲು ಸಹಿ ಹಾಕಿದ್ದು ಗುನೈಕುರ್ನೈ ಜನ. ಸರ್ಕಾರಿ ಜಾಗವನ್ನು ಸಂಪ್ರದಾಯದ ಕೆಲಸಗಳಿಗೆ ಬಳಸುವ ಹಕ್ಕೂ ಅದರ ಜೊತೆ ಬಂತು. 2012ರ ಹೊತ್ತಿಗೆ ಹಿರಿಯ ಆಲ್ಬರ್ಟ್ ಮುಲ್ಲೆಟ್ ತಮ್ಮ ಮೊಮ್ಮಗ, ಕಲಾವಿದ ಸ್ಟೀಫನ್ ಪೇಟನ್‌ಗೆ ತೊಗಟೆ ದೋಣಿ ಮಾಡುವುದನ್ನು ಕಲಿಸಿದರು. ಆ ಕಡೆಯ ದೋಣಿಗೆ ಸ್ಟ್ರಿಂಗಿಬಾರ್ಕ್ ಎಂಬ ನಾರು ತೊಗಟೆಯ ಮರ ಬೇಕು. ಹಾಳೆಯ ಎರಡೂ ತುದಿಗಳನ್ನು ಮಡಿಸಿ ಕಟ್ಟುತ್ತಾರೆ, ನಮ್ಮ ಅಡಿಕೆ ಹಾಳೆಯ ದೊನ್ನೆ ಕಟ್ಟಿದ ಹಾಗೆ. ಬೋರುನ್‌ನ ದೋಣಿ ಎಂದೇ ಅದಕ್ಕೆ ಹೆಸರಿಟ್ಟರು. ಮೆಲ್ಬರ್ನ್ ಮ್ಯೂಸಿಯಂನಲ್ಲಿ ಪ್ರದರ್ಶನವೂ ಆಯಿತು.

ದೋಣಿ ನೋಡಲು ಜನ ಮ್ಯೂಸಿಯಂಗೆ ಹೋದರು. ನನಗೆ ನೋಡಬೇಕು ಅನ್ನಿಸುವುದು ಗಿಪ್ಸ್‌ಲ್ಯಾಂಡ್‌ನ ಕಾಡಿನಲ್ಲಿ ತೊಗಟೆ ಕೊಟ್ಟು ನಿಂತಿರುವ ಮರವನ್ನು. ಅದರ ಗಾಯದ ವಯಸ್ಸು ಎಷ್ಟು, ಯಾರು ಮಾಡಿದ್ದು ಎಂದು ಕೇಳಲು ಯಾವ ಪ್ರಯೋಗಾಲಯಕ್ಕೂ ಹೋಗಬೇಕಿಲ್ಲ.